ಅಮೆರಿಕದಲ್ಲಿ ಫಾರ್ಮಸಿ ಟೆಕ್ನಿಷಿಯನ್ ಕೆಲಸ: ಸೇರುವವರಿಗೂ, ಸೇರಿಸಿಕೊಳ್ಳುವವರಿಗೂ

ಊರಲ್ಲಿ ಬಿ.ಫಾರ್ಮ್ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದವರು ಮೊದಲು ಕೇಳುವುದು ಇಲ್ಲಿ ಫಾರ್ಮಸಿಸ್ಟ್ ಆಗೋದು ಹೇಗೆ ಅಂತ. ಉತ್ತರ ಬಹಳ ಜನಕ್ಕೆ ಬೇಜಾರು ತರಿಸುತ್ತದೆ. 2003ರ ಜನವರಿ 1ರ ನಂತರ ಪದವಿ ಪಡೆದವರು ಕನಿಷ್ಠ ಐದು ವರ್ಷದ ಫಾರ್ಮಸಿ ಕೋರ್ಸ್ ಓದಿರಬೇಕು. ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷ. ಹಾಗಾಗಿ ವಿದೇಶದಲ್ಲಿ ಓದಿದವರಿಗಿರುವ ಎಫ್‌ಪಿಜಿಇಇ ಪರೀಕ್ಷೆಗೇ ಕೂರಲು ಬಿಡುವುದಿಲ್ಲ. ಆರು ವರ್ಷದ ಫಾರ್ಮ್.ಡಿ ಮಾಡಿದವರಿಗೆ ಆ ದಾರಿ ಇದೆ. ಉಳಿದವರು ಇಲ್ಲಿ ಮತ್ತೆ ಕಾಲೇಜು ಸೇರಬೇಕು, ಇಲ್ಲ ಅಂದರೆ ಫಾರ್ಮಸಿಸ್ಟ್ ಕೈಕೆಳಗೆ ಕೆಲಸ ಮಾಡುವ ಟೆಕ್ನಿಷಿಯನ್ ಆಗಬೇಕು. ಟೆಕ್ನಿಷಿಯನ್ ಕೆಲಸ ಬೇಗ ಸಿಗುತ್ತದೆ. ಯಾಕೆ ಬೇಗ ಸಿಗುತ್ತದೆ ಅಂತ ಸ್ವಲ್ಪ ಯೋಚಿಸಿ ನೋಡಿ. ಬಿಟ್ಟು ಹೋಗುವವರು ಅಷ್ಟು ಜನ ಇದ್ದಾರೆ.

ಮೊದಲು ವೀಸಾ ವಿಚಾರ. ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಎಚ್-4ನಲ್ಲಿ ಬಂದವರಿಗೆ ತಾನಾಗಿಯೇ ಕೆಲಸದ ಅನುಮತಿ ಇರುವುದಿಲ್ಲ. ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಇಎಡಿ ಅನ್ನುವ ಕೆಲಸದ ಅನುಮತಿ ಕಾರ್ಡಿಗೆ ಅರ್ಜಿ ಹಾಕಬಹುದು. 2015ರಿಂದ ಈ ಅವಕಾಶ ಇದೆ. ಕಂಪನಿಯೊಳಗೇ ವರ್ಗವಾಗಿ ಬಂದವರ ಜೊತೆ ಎಲ್-2ನಲ್ಲಿ ಬಂದ ಗಂಡ ಹೆಂಡತಿಯರಿಗೆ 2021ರ ನವೆಂಬರ್‌ನಿಂದ ಬೇರೆ ಕಾರ್ಡ್ ಬೇಕಿಲ್ಲ, ದೇಶದೊಳಗೆ ಬಂದಾಗ ಸಿಗುವ ಐ-94 ದಾಖಲೆಯಲ್ಲಿ ಎಲ್-2ಎಸ್ ಅಂತ ಇದ್ದರೆ ಸಾಕು. ಅನುಮತಿ ಬರುವ ಮುಂಚೆ "ಸುಮ್ನೆ ಕಲಿಯೋಕೆ ಬರ್ತೀನಿ" ಅಂತ ಪರಿಚಯದವರ ಫಾರ್ಮಸಿಯಲ್ಲಿ ಕೌಂಟರ್ ಹಿಂದೆ ನಿಲ್ಲಬೇಡಿ. ಸಂಬಳ ತಗೊಳ್ಳದಿದ್ದರೂ ಅದನ್ನು ಕೆಲಸ ಅಂತಲೇ ಲೆಕ್ಕ ಹಾಕಬಹುದು. ತೊಂದರೆ ನಿಮಗೂ, ಅವರಿಗೂ.

ಇಡೀ ದೇಶಕ್ಕೆ ಒಂದೇ ನಿಯಮ ಅಂತ ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಬೋರ್ಡ್ ಆಫ್ ಫಾರ್ಮಸಿ, ಅದರದೇ ಕಾನೂನು. ಟೆಕ್ಸಾಸ್‌ನಲ್ಲಿ ಮೊದಲು ಟ್ರೇನಿ ಅಂತ ನೋಂದಾಯಿಸಿಕೊಂಡು ಕೆಲಸ ಶುರು ಮಾಡಬಹುದು. ಅದರ ಅವಧಿ ಎರಡು ವರ್ಷ, ಅಷ್ಟರೊಳಗೆ ಟೆಕ್ನಿಷಿಯನ್ ಪರೀಕ್ಷೆ ಪಾಸಾಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೋರ್ಡಿನ ಲೈಸೆನ್ಸ್ ಬೇಕು. ಎಚ್-1ಬಿ ಮನೆಯವರು ಊರೂರು ತಿರುಗುವುದು ಜಾಸ್ತಿ ಅಲ್ವಾ, ಅದಕ್ಕೇ ಇದನ್ನು ನೆನಪಿಡಿ: ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೆ ಪರೀಕ್ಷೆಯ ಸರ್ಟಿಫಿಕೇಟ್ ಜೊತೆಗೆ ಬರುತ್ತದೆ, ಲೈಸೆನ್ಸ್ ಬರುವುದಿಲ್ಲ.

ಹೆಚ್ಚಿನವರು ಬರೆಯುವುದು, ಟೆಕ್ನಿಷಿಯನ್ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಪಿಟಿಸಿಬಿಯವರ ಪರೀಕ್ಷೆ. 90 ಪ್ರಶ್ನೆ, ಒಂದು ಗಂಟೆ ಐವತ್ತು ನಿಮಿಷ, ಶುಲ್ಕ 129 ಡಾಲರ್, ಪಾಸಾಗಲು ಅವರದೇ ಅಳತೆಪಟ್ಟಿಯಲ್ಲಿ 1400 ಅಂಕ. ಕೂರಬೇಕಾದರೆ ಅವರು ಒಪ್ಪಿದ ಕೋರ್ಸ್ ಮಾಡಿರಬೇಕು, ಅಥವಾ 500 ಗಂಟೆ ಕೆಲಸದ ಅನುಭವ ಇರಬೇಕು. ಆಮೇಲೆ ಎರಡು ವರ್ಷಕ್ಕೊಮ್ಮೆ 20 ಗಂಟೆ ಓದಿ ನವೀಕರಿಸಬೇಕು. ಸಾವಿರಗಟ್ಟಲೆ ಡಾಲರ್ ಕೊಟ್ಟು ಖಾಸಗಿ ಕಾಲೇಜಿಗೆ ಸೇರುವ ಮುಂಚೆ ಹತ್ತಿರದ ಸರಣಿ ಅಂಗಡಿಗಳಲ್ಲಿ (ಒಂದೇ ಕಂಪನಿಯ ಊರೂರಿನ ಫಾರ್ಮಸಿಗಳಲ್ಲಿ) ವಿಚಾರಿಸಿ. ದೊಡ್ಡ ಸರಣಿಗಳು ಸಂಬಳ ಕೊಟ್ಟೇ ತರಬೇತಿ ಕೊಡುತ್ತವೆ, ಪರೀಕ್ಷೆ ಶುಲ್ಕವನ್ನೂ ಎಷ್ಟೋ ಸಲ ಅವರೇ ಕಟ್ಟುತ್ತಾರೆ. ಬಿ.ಫಾರ್ಮ್ ಓದಿದವರು ಕೋರ್ಸಿಗೆ ಅಷ್ಟು ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೆಲಸ ಹೇಗಿರುತ್ತದೆ? ಊರಿನ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ ಕೊಡುತ್ತಾರೆ. ಇಲ್ಲಿ ದೊಡ್ಡ ಡಬ್ಬಿಯಿಂದ ಬಿಡಿ ಮಾತ್ರೆಗಳನ್ನು ಟ್ರೇಗೆ ಸುರಿದು, ಚಪ್ಪಟೆ ಸ್ಪ್ಯಾಚುಲಾದಲ್ಲಿ ಐದೈದಾಗಿ ಎಣಿಸಿ, ಕಿತ್ತಳೆ ಬಣ್ಣದ ಬಾಟಲಿಗೆ ತುಂಬಿ ಲೇಬಲ್ ಅಂಟಿಸುತ್ತಾರೆ. ಡಬ್ಬಿಯ ಮೇಲಿನ, ಔಷಧ ಗುರುತಿಸುವ ಎನ್‌ಡಿಸಿ ನಂಬರ್ ಕಂಪ್ಯೂಟರಿನಲ್ಲಿರುವುದಕ್ಕೆ ತಾಳೆಯಾಗಬೇಕು. ಕೊನೆಗೆ ಫಾರ್ಮಸಿಸ್ಟ್ ನೋಡಿ ಸರಿ ಅನ್ನಬೇಕು. ಇದು ಸುಲಭದ ಭಾಗ.

ಕಷ್ಟ ಇರುವುದು ಇನ್ಶೂರೆನ್ಸ್‌ನಲ್ಲಿ. ಕ್ಲೇಮ್ ಕಳಿಸಿದ ತಕ್ಷಣ ತಿರಸ್ಕಾರದ ಕೋಡ್ ಬಂದು ಕೂರುತ್ತದೆ. 75 ಅಂದರೆ ಡಾಕ್ಟರು ಇನ್ಶೂರೆನ್ಸ್‌ನವರಿಂದ ಮೊದಲೇ ಒಪ್ಪಿಗೆ ತರಿಸಬೇಕು. 79 ಅಂದರೆ ಹಳೇ ಮಾತ್ರೆ ಮುಗಿಯುವ ಮುಂಚೆಯೇ ಬಂದಿದ್ದಾರೆ. 70 ಅಂದರೆ ಆ ಔಷಧಕ್ಕೆ ಅವರು ದುಡ್ಡೇ ಕೊಡುವುದಿಲ್ಲ. ಇದನ್ನು ಜ್ವರದ ಮಗು ಎತ್ತಿಕೊಂಡು ನಿಂತಿರುವ ತಾಯಿಗೆ ಹೇಳಬೇಕಾದವರು ನೀವು. ಅತ್ತ ಡ್ರೈವ್-ಥ್ರೂ (ಕಾರಿನಲ್ಲೇ ಕೂತು ಔಷಧ ತಗೊಳ್ಳುವ ಕಿಟಕಿ) ಬೆಲ್, ಇತ್ತ ಫೋನ್. ಲಸಿಕೆ ಹಾಕಿಸಿಕೊಳ್ಳಲು ಬಂದವರು ಕುರ್ಚಿಯಲ್ಲಿ ಕಾಯುತ್ತಿರುತ್ತಾರೆ. 2020ರಲ್ಲಿ ಕೋವಿಡ್ ಕಾಲಕ್ಕೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟ ಮೇಲೆ, ತರಬೇತಿ ಪಡೆದ ಟೆಕ್ನಿಷಿಯನ್‌ಗಳೂ ಲಸಿಕೆ ಚುಚ್ಚುತ್ತಾರೆ.

ನಮ್ಮ ಬಿ.ಫಾರ್ಮ್ ಜನ ಎಡವುವುದು ಇನ್ನೊಂದು ಕಡೆ. "ಇದನ್ನು ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?" ಅಂತ ಯಾರಾದರೂ ಕೇಳುತ್ತಾರೆ. ಉತ್ತರ ಗೊತ್ತಿರುತ್ತದೆ, ನಾಲಿಗೆ ತುದಿಯಲ್ಲೇ ಇರುತ್ತದೆ. ಆದರೂ ಹೇಳಬಾರದು. ಸಲಹೆ ಕೊಡುವುದು ಫಾರ್ಮಸಿಸ್ಟ್ ಕೆಲಸ, ಅವರನ್ನೇ ಕರೆಯಬೇಕು.

ಇಷ್ಟಕ್ಕೆ ಸಂಬಳ ಎಷ್ಟು? ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಮೇ ಲೆಕ್ಕದಲ್ಲಿ ನಡುಮಟ್ಟದ ವಾರ್ಷಿಕ ಸಂಬಳ 40,300 ಡಾಲರ್. ಆಸ್ಪತ್ರೆಗಳಲ್ಲಿ ಅಂಗಡಿಗಿಂತ ಜಾಸ್ತಿ. ಒಂದೆರಡು ವರ್ಷ ಅಂಗಡಿಯಲ್ಲಿ ಕಲಿತು ಆಸ್ಪತ್ರೆಗೋ ಇನ್ಶೂರೆನ್ಸ್ ಕಂಪನಿಗೋ ಹಾರುವವರು ಬಹಳ. ಆದರೆ ಬರೀ ಸಂಬಳಕ್ಕೆ ಜನ ಬಿಡುತ್ತಾರೆ ಅಂತ ನಾನು ಒಪ್ಪುವುದಿಲ್ಲ. ಸರಣಿ ಅಂಗಡಿಗೆ ವಾರಕ್ಕೆ ಇಷ್ಟು ಗಂಟೆ ಸಿಬ್ಬಂದಿ ಅಂತ ಮೇಲಿನವರು ಹಂಚುತ್ತಾರೆ. ಅದನ್ನು ಕಡಿಮೆ ಮಾಡಿದಾಗ ಮೂವರ ಕೆಲಸ ಇಬ್ಬರ ತಲೆ ಮೇಲೆ ಬೀಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕನ್ಸಾಸ್ ಸಿಟಿಯಲ್ಲಿ ಸಿವಿಎಸ್ ಸರಣಿಯ ಕೆಲವು ಫಾರ್ಮಸಿಸ್ಟ್‌ಗಳು ಪ್ರತಿಭಟಿಸಿ ಕೆಲಸಕ್ಕೆ ಬರಲಿಲ್ಲ. ಮುಂದಿನ ತಿಂಗಳು ಇನ್ನೊಂದು ಸರಣಿ ವಾಲ್‌ಗ್ರೀನ್ಸ್‌ನ ಕೆಲವು ಕಡೆ ಫಾರ್ಮಸಿಸ್ಟ್‌ಗಳ ಜೊತೆಗೆ ಟೆಕ್ನಿಷಿಯನ್‌ಗಳೂ ಪ್ರತಿಭಟಿಸಿ ಹೊರಗೆ ನಡೆದರು. ಅವರ ದೊಡ್ಡ ದೂರು, ಜೊತೆಗೆ ಸಾಕಷ್ಟು ಜನ ಇಲ್ಲ ಅಂತ. ಕ್ಯಾಲಿಫೋರ್ನಿಯಾ ಇದಕ್ಕೆ ಕಾನೂನನ್ನೇ ತಂದಿದೆ. 2021ರ ಕಾಯ್ದೆ ಸರಣಿ ಫಾರ್ಮಸಿಗಳಲ್ಲಿ 'ಇಷ್ಟು ಮಾಡಲೇಬೇಕು' ಅನ್ನುವ ಕೋಟಾ ನಿಷೇಧಿಸಿತು. 2023ರದು, ಕೆಲವು ವಿನಾಯಿತಿ ಬಿಟ್ಟರೆ, ಫಾರ್ಮಸಿ ಕೆಲಸಕ್ಕೇ ಮೀಸಲಾದ ಒಬ್ಬ ಕ್ಲರ್ಕ್ ಅಥವಾ ಟೆಕ್ನಿಷಿಯನ್ ಇರಲೇಬೇಕು ಅಂದಿತು.

ಹಾಗಾಗಿ ಸಂದರ್ಶನದಲ್ಲಿ ಗಂಟೆಗೆ ಎಷ್ಟು ಡಾಲರ್ ಅಂತ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಪ್ರಿಸ್ಕ್ರಿಪ್ಷನ್, ಸೋಮವಾರ ಸಂಜೆ ಐದಕ್ಕೆ ಎಷ್ಟು ಟೆಕ್ನಿಷಿಯನ್ ಇರುತ್ತಾರೆ, ಈ ಜಾಗದಲ್ಲಿ ಮುಂಚೆ ಇದ್ದವರು ಯಾಕೆ ಬಿಟ್ಟರು ಅಂತ ಕೇಳಿ. ವಾರಕ್ಕೆ ಎಷ್ಟು ಗಂಟೆ ಖಾತ್ರಿ, ಎಷ್ಟು ಗಂಟೆ ಮಾಡಿದರೆ ಇನ್ಶೂರೆನ್ಸ್ ಸಿಗುತ್ತದೆ, ಬೇಗ ಬಿಟ್ಟರೆ ಪರೀಕ್ಷೆ ಶುಲ್ಕ ವಾಪಸ್ ಕೇಳುತ್ತಾರಾ, ಇದೂ ಗೊತ್ತಿರಲಿ. ಇನ್ನೂ ಒಳ್ಳೆಯದು, ಸೇರುವ ಮುಂಚೆ ಒಂದು ಸೋಮವಾರ ಸಂಜೆ ಗಿರಾಕಿಯ ಹಾಗೆ ಹೋಗಿ ಅರ್ಧ ಗಂಟೆ ಅಲ್ಲೇ ನಿಂತು ನೋಡಿ.

ಈಗ ಸ್ವಂತ ಫಾರ್ಮಸಿ ಇಟ್ಟಿರುವ ನಮ್ಮವರಿಗೆ. ಇನ್ಶೂರೆನ್ಸ್ ಮಧ್ಯವರ್ತಿ ಕಂಪನಿಗಳು ಎಷ್ಟೋ ಔಷಧಕ್ಕೆ ಕೊಂಡ ಬೆಲೆಯನ್ನೂ ಕೊಡುವುದಿಲ್ಲ, ಸರಣಿಗಳ ಸಂಬಳಕ್ಕೆ ಸರಿಸಮ ಕೊಡಲು ನಿಮಗೆ ಆಗುವುದಿಲ್ಲ. ಒಪ್ಪಿದೆ. ಆದರೆ ಸರಣಿ ಕೊಡಲಾಗದ್ದು ನಿಮ್ಮ ಕೈಯಲ್ಲಿದೆ: ಎರಡು ವಾರ ಮುಂಚೆಯೇ ಗೊತ್ತಾಗುವ, ನಡುವೆ ಬದಲಾಗದ ಪಾಳಿ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಗಂಟೆಗೆ ಒಂದು ಡಾಲರ್‌ಗಿಂತ ಇದು ದೊಡ್ಡದು. "ನೀನು ಮನೆಯವಳ ಹಾಗೆ ಕಣಮ್ಮ" ಅಂತ ಹೇಳಿ ಶನಿವಾರ ಪುಕ್ಕಟೆ ಕರೆಸಿಕೊಳ್ಳುವ ಚಾಳಿ ಮಾತ್ರ ಬಿಡಿ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೊಡುವುದು ಕಾನೂನು. ಸೇರುವವರಿಗೆ ಕೆಲಸದ ಅನುಮತಿ ಇದೆಯಾ ಅಂತ ನೋಡುವ ಐ-9 ಫಾರಂ ತುಂಬಿಸುವಾಗ ಇಂಥದ್ದೇ ದಾಖಲೆ ತಾ ಅಂತ ಕೇಳುವ ಹಾಗಿಲ್ಲ. ಪಟ್ಟಿಯಲ್ಲಿರುವ ಯಾವುದನ್ನು ತೋರಿಸಬೇಕು ಅನ್ನುವುದು ಸೇರುವವರ ಆಯ್ಕೆ.

ಹೊಸಬರನ್ನು ಮೊದಲ ದಿನವೇ ಡ್ರೈವ್-ಥ್ರೂ ಕಿಟಕಿಗೆ ನಿಲ್ಲಿಸಬೇಡಿ. ಮೊದಲು ಎಣಿಕೆ, ಆಮೇಲೆ ಟೈಪಿಂಗ್, ಆಮೇಲೆ ಕ್ಲೇಮ್, ಕೊನೆಗೆ ಕಿಟಕಿ. ಇನ್ಶೂರೆನ್ಸ್ ಒಪ್ಪಿಗೆ ಬೇಕಾದ ಕೋಡ್ 75ರ ಫೋನ್ ಕರೆಗಳನ್ನು ಒಬ್ಬರೇ ನಿಭಾಯಿಸುವಷ್ಟು ಪಳಗಿದ ದಿನ, ಅವರು ಕೇಳುವ ಮುಂಚೆ, ಸಂಬಳ ಏರಿಸಿ. ಪಕ್ಕದ ಆಸ್ಪತ್ರೆಯವರು ಹುಡುಕುತ್ತಿರುವುದು ಅಂಥವರನ್ನೇ.