ಹವಾಮಾನ ಬ್ಯಾಡ್ಜ್: ಮಕ್ಕಳಿಗೆ ಮೋಡ ಓದಲು ಕಲಿಸುವ ಕ್ರಮ

ಸ್ಕೌಟ್ಸ್ ಮತ್ತು ಗೈಡ್ಸ್‌ನಂತಹ ಮಕ್ಕಳ ಸಂಘಟನೆಗಳಲ್ಲಿ ಹವಾಮಾನಕ್ಕೆ ಸಂಬಂಧಿಸಿದ ಬ್ಯಾಡ್ಜ್‌ಗಳು ಹಲವು ದೇಶಗಳಲ್ಲಿ ಬಹಳ ಕಾಲದಿಂದ ಇವೆ. ಮೋಡಗಳ ಬಗೆಗಳನ್ನು ಗುರುತಿಸುವುದು, ಕೆಲವು ವಾರಗಳ ಕಾಲ ಹವಾಮಾನದ ದಾಖಲೆ ಇಡುವುದು, ಮಳೆಮಾಪಕದಂತಹ ಸರಳ ಉಪಕರಣವೊಂದನ್ನು ತಯಾರಿಸುವುದು, ಹವಾಮಾನ ಮುನ್ಸೂಚನೆಯನ್ನು ಓದಿ ಅರ್ಥ ಹೇಳುವುದು ಇಂತಹ ಬ್ಯಾಡ್ಜ್‌ಗಳ ಸಾಮಾನ್ಯ ಷರತ್ತುಗಳು. ಒಂದು ಸಂಜೆ ಹತ್ತು ಮೋಡಗಳ ಚಿತ್ರ ತೋರಿಸಿ, ಹೆಸರು ಬಾಯಿಪಾಠ ಮಾಡಿಸಿ, ಮುಂದಿನ ವಾರ ಪ್ರಶ್ನೆ ಕೇಳಿ ಬ್ಯಾಡ್ಜ್ ಕೊಟ್ಟುಬಿಡುವುದು ದಳದ ನಾಯಕರಿಗೆ ಸುಲಭ. ಆದರೆ ಹಾಗೆ ಕಲಿತ ಹೆಸರುಗಳು ಬಹುಬೇಗ ಮರೆತುಹೋಗುತ್ತವೆ. ಈ ಬ್ಯಾಡ್ಜ್‌ನ ಜೀವಾಳ ದಿನಚರಿ ಪುಸ್ತಕದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಮಗು ದಿನವೂ ತಲೆಯೆತ್ತಿ ನೋಡಬೇಕು, ಕಂಡದ್ದನ್ನು ಬರೆಯಬೇಕು, ನಾಳೆ ಏನಾಗಬಹುದೆಂದು ಊಹಿಸಿ ಆ ಊಹೆಯನ್ನು ಮರುದಿನ ತಾನೇ ಪರೀಕ್ಷಿಸಬೇಕು. ಉಳಿದ ಚಟುವಟಿಕೆಗಳನ್ನು ಇದರ ಸುತ್ತ ಹೊಂದಿಸಿಕೊಳ್ಳುವುದು ಒಳ್ಳೆಯದು.

ಮೊದಲಿಗೆ ನಿಮ್ಮ ಸಂಘಟನೆಯ ಷರತ್ತುಗಳನ್ನು ಮುದ್ರಿತ ರೂಪದಲ್ಲಿಯೇ ಓದಿಕೊಳ್ಳಿ, ಏಕೆಂದರೆ ಅವು ಸಂಘಟನೆಯಿಂದ ಸಂಘಟನೆಗೆ ಮತ್ತು ವಯಸ್ಸಿನಿಂದ ವಯಸ್ಸಿಗೆ ಬೇರೆಯಾಗಿರುತ್ತವೆ. ಷರತ್ತಿನಲ್ಲಿ ಎರಡು ವಾರಗಳ ದಾಖಲೆ ಸಾಕೆಂದಿದ್ದರೂ ನಾಲ್ಕು ವಾರಗಳನ್ನು ಇಟ್ಟುಕೊಳ್ಳುವುದು ಉತ್ತಮ. ಆಕಾಶ ವಾರಗಟ್ಟಲೆ ಒಂದೇ ರೀತಿ ಇರುವ ಕಾಲವನ್ನು ಬಿಟ್ಟು, ಋತು ಬದಲಾಗುವ ಸಮಯವನ್ನು ಆರಿಸಿಕೊಂಡರೆ ಮಕ್ಕಳಿಗೆ ಹೆಚ್ಚು ಬಗೆಯ ಮೋಡಗಳು ಕಾಣಸಿಗುತ್ತವೆ.

ಮೊದಲ ಸಭೆಯನ್ನು ಬಯಲಿನಲ್ಲಿಯೇ ನಡೆಸಿ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ ದುರ್ಬೀನಿನಿಂದಾಗಲಿ ಎಂದಿಗೂ ನೇರವಾಗಿ ನೋಡಬಾರದೆಂಬ ನಿಯಮವನ್ನು ಎಲ್ಲಕ್ಕಿಂತ ಮೊದಲು ಹೇಳಿ, ಸೂರ್ಯ ಕಟ್ಟಡದ ಅಥವಾ ಮರದ ಮರೆಯಲ್ಲಿರುವಂತೆ ಮಕ್ಕಳನ್ನು ನಿಲ್ಲಿಸಿ. ಹೆಸರುಗಳನ್ನು ಆ ದಿನ ಹೇಳುವ ಅಗತ್ಯವಿಲ್ಲ. ಆಕಾಶದ ಎಷ್ಟು ಭಾಗವನ್ನು ಮೋಡ ಮುಚ್ಚಿದೆ, ಮೋಡದ ಅಂಚು ಗಟ್ಟಿಯಾಗಿ ಕಾಣುತ್ತದೆಯೇ ಅಥವಾ ನಾರುನಾರಾಗಿ ಕರಗಿದೆಯೇ, ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂಬ ಮೂರು ಪ್ರಶ್ನೆಗಳು ಸಾಕು. ಮೋಡದ ಹೊದಿಕೆಯನ್ನು ಹವಾಮಾನ ತಜ್ಞರು ಎಂಟು ಭಾಗಗಳಲ್ಲಿ ಅಳೆಯುತ್ತಾರೆ. ಒಂದು ಭಾಗಕ್ಕೆ ಆಕ್ಟಾ ಎಂದು ಹೆಸರು. ಸೊನ್ನೆ ಎಂದರೆ ನಿರ್ಮಲ ಆಕಾಶ, ಎಂಟು ಎಂದರೆ ಪೂರ್ತಿ ಮುಚ್ಚಿದ ಆಕಾಶ. ನಾಲ್ವರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಒಬ್ಬೊಬ್ಬರೂ ತಮ್ಮ ಎದುರಿನ ಕಾಲುಭಾಗ ಆಕಾಶವನ್ನು ನೋಡಿ ಸೊನ್ನೆ, ಒಂದು ಅಥವಾ ಎರಡು ಎಂದು ಹೇಳುವಂತೆ ಮಾಡಿ, ನಾಲ್ಕನ್ನೂ ಕೂಡಿಸಿದರೆ ಆ ಹೊತ್ತಿನ ಆಕ್ಟಾ ಲೆಕ್ಕ ಸಿಗುತ್ತದೆ. ಚಿಕ್ಕ ಮಕ್ಕಳೂ ಇದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಒಂದೇ ಆಕಾಶಕ್ಕೆ ಎರಡು ತಂಡಗಳು ಬೇರೆ ಬೇರೆ ಅಂಕಿ ಹೇಳಿದಾಗ ನಡೆಯುವ ಚರ್ಚೆಯನ್ನು ನಾಯಕರು ತಡೆಯಬಾರದು, ಏಕೆಂದರೆ ಎಚ್ಚರದಿಂದ ನೋಡುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಎರಡನೆಯ ಸಭೆಯಿಂದ ಹೆಸರುಗಳನ್ನು ಪರಿಚಯಿಸಬಹುದು. ಮೋಡಗಳಿಗೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲ್ಯಾಟಿನ್ ಹೆಸರುಗಳ ಮೂಲ, ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವರ್ಡ್ 1802ರಲ್ಲಿ ನೀಡಿದ ಒಂದು ಉಪನ್ಯಾಸ. ವೃತ್ತಿಯಿಂದ ವಿಜ್ಞಾನಿಯಲ್ಲದ ವ್ಯಕ್ತಿಯೊಬ್ಬನು ಬಾಲ್ಯದಿಂದ ಆಕಾಶ ನೋಡುತ್ತಾ ಬಂದು ಈ ಕೆಲಸ ಮಾಡಿದನೆಂಬ ಸಂಗತಿಯನ್ನು ಮಕ್ಕಳಿಗೆ ಅಗತ್ಯವಾಗಿ ಹೇಳಬೇಕು. ಸಿರಸ್ ಎಂದರೆ ಎಳೆಎಳೆಯಾದ ಹಿಮಕಣ ಮೋಡ, ಕ್ಯುಮುಲಸ್ ಎಂದರೆ ರಾಶಿ ಮೋಡ, ಸ್ಟ್ರೇಟಸ್ ಎಂದರೆ ಪದರು ಮೋಡ, ನಿಂಬಸ್ ಎಂದರೆ ಮಳೆ ಸುರಿಸುವ ಮೋಡ. ವಿಶ್ವ ಹವಾಮಾನ ಸಂಸ್ಥೆಯ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸಿನಲ್ಲಿರುವ ಹತ್ತು ಮುಖ್ಯ ಬಗೆಗಳ ಹೆಸರುಗಳು ಬಹುಮಟ್ಟಿಗೆ ಈ ನಾಲ್ಕು ಪದಗಳ ಜೋಡಣೆಯಿಂದಲೇ ಆಗಿವೆ. ನಡುಮಟ್ಟದ ಮೋಡಗಳಿಗೆ ಮಾತ್ರ ಆಲ್ಟೊ ಎಂಬ ಭಾಗ ಹೆಚ್ಚಾಗಿ ಸೇರುತ್ತದೆ. ಹತ್ತನ್ನು ಉರುಹೊಡೆಸುವ ಬದಲು ಜೋಡಣೆಯ ಕ್ರಮವನ್ನು ತಿಳಿಸಿದರೆ ಮಕ್ಕಳು ಹೆಸರನ್ನು ತಾವೇ ಕಟ್ಟಬಲ್ಲರು. ಎತ್ತರದ ವಿಷಯದಲ್ಲಿ, ಕೆಳಮಟ್ಟದ ಮೋಡಗಳ ತಳ ನೆಲದಿಂದ ಸುಮಾರು 2 ಕಿಲೋಮೀಟರಿನೊಳಗೆ ಇರುತ್ತದೆ ಎಂಬುದನ್ನೂ, ನಡುಮಟ್ಟದ ಮತ್ತು ಮೇಲ್ಮಟ್ಟದ ಮೋಡಗಳು ಧ್ರುವಗಳ ಕಡೆಗಿಂತ ಉಷ್ಣವಲಯದಲ್ಲಿ ಹೆಚ್ಚು ಎತ್ತರದಲ್ಲಿರುತ್ತವೆ ಎಂಬುದನ್ನೂ ಹೇಳಿದರೆ ಸಾಕು.

ನೆಲದಲ್ಲಿ ನಿಂತ ಮಗುವಿಗೆ ಎತ್ತರ ತಿಳಿಯುವುದು ಹೇಗೆ? ಇದಕ್ಕೆ ಕೈಯೇ ಉತ್ತಮ ಅಳತೆಗೋಲು. ಸಣ್ಣ ಉಂಡೆಗಳಂತೆ ಹರಡಿದ ಮೋಡವು ದಿಗಂತದಿಂದ 30 ಡಿಗ್ರಿಗಿಂತ ಮೇಲಿರುವಾಗ, ತೋಳನ್ನು ಪೂರ್ತಿ ಚಾಚಿ, ಒಂದು ಉಂಡೆಯ ಅಗಲವನ್ನು ಬೆರಳುಗಳೊಂದಿಗೆ ಹೋಲಿಸಬೇಕು. ಉಂಡೆಯು ಕಿರುಬೆರಳಿನ ಅಗಲದೊಳಗೆ, ಅಂದರೆ ಸುಮಾರು 1 ಡಿಗ್ರಿಯೊಳಗೆ ಅಡಗಿದರೆ ಅದು ಮೇಲ್ಮಟ್ಟದ ಸಿರೊಕ್ಯುಮುಲಸ್. 1ರಿಂದ 5 ಡಿಗ್ರಿಯಷ್ಟಿದ್ದರೆ, ಎಂದರೆ ಜೋಡಿಸಿದ ಮೂರು ಬೆರಳುಗಳು ಅದನ್ನು ಮುಚ್ಚಬಲ್ಲವಾದರೆ ಆಲ್ಟೊಕ್ಯುಮುಲಸ್. ಅದಕ್ಕೂ ದೊಡ್ಡದಾಗಿದ್ದರೆ ಕೆಳಮಟ್ಟದ ಸ್ಟ್ರೇಟೊಕ್ಯುಮುಲಸ್. ಈ ಅಳತೆ ತಜ್ಞರ ವ್ಯಾಖ್ಯಾನದಲ್ಲಿಯೇ ಇರುವುದರಿಂದ, ಮಕ್ಕಳು ಬೆರಳು ಚಾಚಿ ಮಾಡುವ ಕೆಲಸ ನಿಜವಾದ ವೀಕ್ಷಣೆಯೇ ಆಗುತ್ತದೆ. ಆಕಾಶವಿಡೀ ಮಸುಕಾದಾಗ ನೆರಳನ್ನು ನೋಡಲು ಹೇಳಿ. ತೆಳುವಾದ ಸಿರೊಸ್ಟ್ರೇಟಸ್ ಮುಚ್ಚಿದ್ದರೂ ಸೂರ್ಯ ಸಾಕಷ್ಟು ಮೇಲಿದ್ದರೆ ನೆಲದ ಮೇಲೆ ನೆರಳು ಬೀಳುತ್ತದೆ. ಸೂರ್ಯ ಮಬ್ಬುಗಾಜಿನ ಹಿಂದಿರುವಂತೆ ಕಂಡು ನೆರಳು ಮಾಯವಾದರೆ ಅದು ಆಲ್ಟೊಸ್ಟ್ರೇಟಸ್. ಸೂರ್ಯನ ಗುರುತೇ ಸಿಗದಂತೆ ಕವಿದು ಬಿಡದೆ ಮಳೆ ಹಿಡಿದರೆ ನಿಂಬೊಸ್ಟ್ರೇಟಸ್. ಸಿರೊಸ್ಟ್ರೇಟಸ್ ಹಿಮಹರಳುಗಳಿಂದಾದ ಮೋಡವಾದ್ದರಿಂದ ಸೂರ್ಯನ ಅಥವಾ ಚಂದ್ರನ ಸುತ್ತ 22 ಡಿಗ್ರಿ ತ್ರಿಜ್ಯದ ಪ್ರಭಾವಲಯ ಕಾಣಿಸಿಕೊಳ್ಳಬಹುದು. ಚಂದ್ರನ ಸುತ್ತಲಿನ ಉಂಗುರವಾದರೆ, ಚಾಚಿದ ಕೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಗೇಣಿನಿಂದ ಅದನ್ನು ನಿಶ್ಚಿಂತೆಯಿಂದ ಅಳೆಯಬಹುದು.

ರಾಶಿ ಮೋಡಕ್ಕೆ ಒಂದು ಪೂರ್ತಿ ದಿನವನ್ನೇ ಮೀಸಲಿಡುವುದು ಸಾರ್ಥಕ. ಶಿಬಿರದ ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಒಂದೇ ದಿಕ್ಕಿನ ಆಕಾಶವನ್ನು ಚಿತ್ರಿಸಿದರೆ, ಬಿಸಿಲು ನೆಲವನ್ನು ಕಾಯಿಸಿದಂತೆ ಸಣ್ಣ ಮೋಡಗಳು ಹುಟ್ಟುವುದೂ, ಕೆಲವು ದಿನ ಅವು ಗೋಪುರಗಳಾಗಿ ಬೆಳೆಯುವುದೂ ಚಿತ್ರಗಳ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತುದಿ ಹರಡಿ ಚಪ್ಪಟೆಯಾದ ಮೋಡ ಕ್ಯುಮುಲೋನಿಂಬಸ್, ಎಂದರೆ ಗುಡುಗು ಮಿಂಚಿನ ಮೋಡ. ರಾಶಿ ಮೋಡಗಳ ತಳ ಸಮನಾಗಿ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಏಕಿರುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುವವರೆಗೆ ಕಾಯಿರಿ. ಮೇಲೇರುವ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಅದರಲ್ಲಿನ ನೀರಾವಿ ಸಾಂದ್ರೀಕರಿಸತೊಡಗುವ ಮಟ್ಟವೇ ಆ ತಳ.

ಈ ಉತ್ತರವನ್ನು ಒಂದು ಬಾಟಲಿಯಲ್ಲಿ ತೋರಿಸಬಹುದು. ಪಾರದರ್ಶಕವಾದ, ಒತ್ತಿದರೆ ಬಗ್ಗುವ ಪ್ಲಾಸ್ಟಿಕ್ ಬಾಟಲಿಗೆ ಎರಡು ಮೂರು ಚಮಚ ಬೆಚ್ಚಗಿನ ನೀರು ಹಾಕಿ, ಮುಚ್ಚಳ ಬಿಗಿದು ಅಲುಗಾಡಿಸಿ, ಒತ್ತಿ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ನಂತರ ನಾಯಕರೇ ಒಂದು ಬೆಂಕಿಕಡ್ಡಿ ಗೀರಿ ಆರಿಸಿ, ಅದರ ಹೊಗೆಯನ್ನು ಸ್ವಲ್ಪ ಬಾಟಲಿಯೊಳಗೆ ಎಳೆದುಕೊಂಡು ಮುಚ್ಚಳ ಬಿಗಿಯಬೇಕು. ಈಗ ಬಲವಾಗಿ ಒತ್ತಿ ಥಟ್ಟನೆ ಬಿಟ್ಟಾಗ ಒಳಗೆ ಮಂಜು ಮೂಡುತ್ತದೆ, ಮತ್ತೆ ಒತ್ತಿದರೆ ಮಾಯವಾಗುತ್ತದೆ. ಒತ್ತಡ ಇಳಿದಾಗ ಗಾಳಿ ಹಿಗ್ಗಿ ತಂಪಾಯಿತು, ಹೊಗೆಯ ಕಣಗಳು ನೀರಾವಿಗೆ ಹನಿಯಾಗಿ ಕೂರಲು ನೆಲೆ ಕೊಟ್ಟವು. ಆಕಾಶದಲ್ಲಿ ಈ ಕೆಲಸವನ್ನು ಧೂಳು, ಹೊಗೆ, ಸಮುದ್ರದ ಉಪ್ಪಿನ ಕಣಗಳು ಮಾಡುತ್ತವೆ. ಹೊಗೆಯಿಲ್ಲದ ಮೊದಲ ಪ್ರಯತ್ನವನ್ನು ಬಿಟ್ಟುಬಿಡಬಾರದು, ಹೋಲಿಕೆಯಿಲ್ಲದೆ ಕಣಗಳ ಪಾತ್ರ ಮಕ್ಕಳಿಗೆ ಮನವರಿಕೆಯಾಗುವುದಿಲ್ಲ. ಮೋಡವೆಂದರೆ ಆವಿ ಎಂಬ ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಬೇಕು: ನೀರಾವಿ ಕಣ್ಣಿಗೆ ಕಾಣುವುದಿಲ್ಲ, ನಮಗೆ ಕಾಣುವುದು ಅತಿ ಸಣ್ಣ ನೀರಹನಿಗಳು ಅಥವಾ ಹಿಮಹರಳುಗಳು. ಒಂದು ಸಾಧಾರಣ ಮಳೆಹನಿಯಲ್ಲಿ ಸುಮಾರು ಹತ್ತು ಲಕ್ಷ ಮೋಡದ ಹನಿಗಳಷ್ಟು ನೀರಿರುತ್ತದೆ.

ಉಪಕರಣಗಳಿಗೆ ಹೆಚ್ಚು ಕಾಲ ವ್ಯಯಿಸಬೇಕಾಗಿಲ್ಲ. ಬದಿಗಳು ನೇರವಾಗಿರುವ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಇಟ್ಟರೆ ಮಳೆಮಾಪಕವಾಗುತ್ತದೆ. ತಳ ಉಬ್ಬುತಗ್ಗಾಗಿದ್ದರೆ ಬೆಣಚುಕಲ್ಲು ಹಾಕಿ, ಬದಿಗಳು ನೇರವಾಗುವ ಮಟ್ಟದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಹಾಕಬೇಕು. ಮರಗಳಿಂದಲೂ ಗೋಡೆಗಳಿಂದಲೂ ದೂರದಲ್ಲಿಟ್ಟು ಪ್ರತಿದಿನ ಒಂದೇ ಹೊತ್ತಿಗೆ ಅಳೆಯಬೇಕು. 1 ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರು ಎಂದು ತಿಳಿಸಿದರೆ ಅಂಕಿಗೆ ಅರ್ಥ ಬರುತ್ತದೆ. ಗಾಳಿಯ ವೇಗಕ್ಕೆ ಉಪಕರಣವೇ ಬೇಡ. 1805ರಲ್ಲಿ ಫ್ರಾನ್ಸಿಸ್ ಬ್ಯೂಫೋರ್ಟ್ ರೂಪಿಸಿದ ಸೊನ್ನೆಯಿಂದ ಹನ್ನೆರಡರವರೆಗಿನ ಮಾಪನದ ಈಗಿನ ರೂಪದಲ್ಲಿ ಎಲೆಗಳು ಮರ್ಮರಗುಟ್ಟಿದರೆ ಎರಡು, ಧೂಳು ಮತ್ತು ಕಾಗದ ಮೇಲೆದ್ದರೆ ನಾಲ್ಕು, ದೊಡ್ಡ ಕೊಂಬೆಗಳು ಅಲುಗಾಡಿ ಕೊಡೆ ಹಿಡಿಯುವುದು ಕಷ್ಟವಾದರೆ ಆರು. ಗಾಳಿಗೆ ಅದು ಬರುವ ದಿಕ್ಕಿನ ಹೆಸರೇ ಹೊರತು ಹೋಗುವ ದಿಕ್ಕಿನದಲ್ಲ ಎಂಬುದನ್ನು ಹಲವು ಸಲ ನೆನಪಿಸಬೇಕಾಗುತ್ತದೆ.

ದಿನಚರಿಯ ಪ್ರತಿ ಪುಟದಲ್ಲಿ ದಿನಾಂಕ, ಹೊತ್ತು, ಆಕ್ಟಾ, ಮೋಡದ ಬಗೆ, ಗಾಳಿ, ನೆರಳಿನಲ್ಲಿ ಅಳೆದ ಉಷ್ಣತೆ, ಮಳೆ ಇಷ್ಟನ್ನು ಬರೆದ ಮೇಲೆ, ನಾಳಿನ ಬಗ್ಗೆ ಒಂದು ವಾಕ್ಯದ ಊಹೆಯನ್ನು ಕಾರಣಸಹಿತ ಬರೆಸಿ. ಇದನ್ನು ಅಧಿಕೃತ ಮುನ್ಸೂಚನೆ ನೋಡುವ ಮೊದಲೇ ಬರೆಯಬೇಕು. ಮರುದಿನ ತನ್ನ ಊಹೆ, ಅಧಿಕೃತ ಮುನ್ಸೂಚನೆ, "ನಾಳೆಯೂ ಇಂದಿನಂತೆಯೇ" ಎಂಬ ಸರಳ ಊಹೆ ಈ ಮೂರರಲ್ಲಿ ಯಾವುದು ನಿಜವಾಯಿತೆಂದು ಗುರುತಿಸಬೇಕು. ಮೂರನೆಯದು ಎಷ್ಟೋ ದಿನ ಗೆಲ್ಲುತ್ತದೆ, ಅದನ್ನು ಕಂಡು ಮಕ್ಕಳು ನಿರಾಶರಾಗದಂತೆ ನೋಡಿಕೊಳ್ಳಿ. ಬದಲಾವಣೆಯ ದಿನವನ್ನು ಮುಂದಾಗಿ ಹಿಡಿಯುವುದೇ ಕಷ್ಟದ ಕೆಲಸ ಎಂದು ವಿವರಿಸಿ. ಬಿಟ್ಟುಹೋದ ದಿನಗಳನ್ನು ಖಾಲಿಯಾಗಿಯೇ ಬಿಡಲು ಕಲಿಸಿ. ಕಲ್ಪಿಸಿ ತುಂಬಿದ ಪುಟಕ್ಕಿಂತ ಖಾಲಿ ಪುಟಕ್ಕೆ ಹೆಚ್ಚಿನ ಬೆಲೆ ಕೊಡುವ ನಾಯಕರ ದಳದಲ್ಲಿ ಮಕ್ಕಳು ಸುಳ್ಳು ಬರೆಯುವುದಿಲ್ಲ.

ಷರತ್ತಿನಲ್ಲಿ ಇರಲಿ ಬಿಡಲಿ, ಸಿಡಿಲಿನಿಂದ ರಕ್ಷಣೆಯನ್ನು ಬ್ಯಾಡ್ಜ್‌ನ ಕಡ್ಡಾಯ ಭಾಗವೆಂದೇ ಪರಿಗಣಿಸಿ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಆದರೆ ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ಗಟ್ಟಿ ಕಟ್ಟಡದ ಅಥವಾ ಮುಚ್ಚಿದ ವಾಹನದ ಒಳಗೆ ಹೋಗಬೇಕು, ಈ ಲೆಕ್ಕವನ್ನು ಅಲ್ಲಿ ಕುಳಿತೇ ಮಾಡಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಒಂಟಿ ಮರದ ಬುಡವೂ ಡೇರೆಯೂ ಆಶ್ರಯವಲ್ಲ ಎಂಬುದನ್ನು ಶಿಬಿರಕ್ಕೆ ಹೊರಡುವ ಮೊದಲೇ ಪ್ರತಿ ಮಗುವಿನ ಬಾಯಲ್ಲಿ ಹೇಳಿಸಿ.

ಕೊನೆಯ ಪರೀಕ್ಷೆಯಲ್ಲಿ ಮಗು ಪರೀಕ್ಷಕರನ್ನು ಹೊರಗೆ ಕರೆದುಕೊಂಡು ಹೋಗಿ ಆ ಹೊತ್ತಿನ ಆಕಾಶವನ್ನು ವಿವರಿಸಲಿ, ದಿನಚರಿಯಿಂದ ತನಗಿಷ್ಟವಾದ ಮೂರು ದಿನಗಳನ್ನು ಆರಿಸಿ ಅಂದು ತಾನು ಏಕೆ ಹಾಗೆ ಊಹಿಸಿದೆನೆಂದು ಹೇಳಲಿ. ಮೋಡದ ಹೆಸರಿನಲ್ಲಿ ತಪ್ಪಿದರೂ ಕಂಡ ಲಕ್ಷಣಗಳನ್ನು ಸರಿಯಾಗಿ ಹೇಳಿದ ಮಗುವನ್ನು ಉತ್ತೀರ್ಣಗೊಳಿಸಬೇಕು. ದೃಷ್ಟಿ ತೊಂದರೆಯಿರುವ ಮಗುವಿಗೆ ಗಾಳಿ, ತೇವ, ಬಿಸಿಲಿನ ಕಾವು, ಮಳೆಯ ಸದ್ದು, ಗುಡುಗಿನ ಅಂತರ ಇವುಗಳ ಮೇಲೆ ಅಷ್ಟೇ ಗಟ್ಟಿಯಾದ ದಾಖಲೆಯನ್ನು ರೂಪಿಸಿಕೊಡಲು ಸಾಧ್ಯವಿದೆ. ಪರೀಕ್ಷೆಯ ದಿನ ಆಕಾಶದಲ್ಲಿ ಒಂದೂ ಮೋಡವಿಲ್ಲದಿದ್ದರೆ ಪರೀಕ್ಷೆಯನ್ನು ಮುಂದೂಡುವ ಅಗತ್ಯವಿಲ್ಲ; ಇಂದು ಮೋಡ ಏಕಿಲ್ಲ ಎಂದು ಕೇಳಿ, ಮಗು ಯೋಚಿಸಿ ಉತ್ತರಿಸಲು ಸಾಕಷ್ಟು ಸಮಯ ಕೊಡಿ.