ಈ ವರ್ಷ ನಾರಿನ ಸರದಿ: ಹೊಟ್ಟೆ ಕೆಡಿಸಿಕೊಳ್ಳದೆ ಶುರು ಮಾಡುವುದು ಹೇಗೆ?

ಕೆಲವು ವರ್ಷಗಳಿಂದ ಯಾವ ಪ್ಯಾಕೆಟ್ ನೋಡಿದರೂ ಪ್ರೋಟೀನ್, ಪ್ರೋಟೀನ್. ಈಗ ಅದರ ಪಕ್ಕದಲ್ಲೇ ಫೈಬರ್, ಅಂದರೆ ನಾರು, ಬಂದು ಕೂತಿದೆ. ಮುಂದೆ ಇದರ ಮಾತು ಇನ್ನೂ ಜಾಸ್ತಿಯಾಗುವ ಲಕ್ಷಣವಿದೆ. ನನಗಂತೂ ಇದು ಖುಷಿಯ ವಿಷಯ. ತುಂಬಾ ಜನರ ತಟ್ಟೆಯಲ್ಲಿ ನಾರು ನಿಜವಾಗಿಯೂ ಕಡಿಮೆ ಇದೆ. ಆದರೆ ಒಂದೇ ದಿನದಲ್ಲಿ ಎಲ್ಲ ಸರಿ ಮಾಡಲು ಹೊರಟರೆ ಹೊಟ್ಟೆ ಉಬ್ಬರಿಸುವುದು ಖಂಡಿತ.

ಮೊದಲು ಲೆಕ್ಕ ಹಾಕಿ. 10 ವರ್ಷ ದಾಟಿದವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದೂ ಆಹಾರದಲ್ಲೇ ಸಹಜವಾಗಿ ಇರುವ ನಾರು. ಸಿಪ್ಪೆ ಸಮೇತ ಒಂದು ಸೇಬು ತಿಂದರೆ ಸುಮಾರು 4 ಗ್ರಾಂ ಸಿಗುತ್ತದೆ. ಅದೇ ಸೇಬನ್ನು ಜ್ಯೂಸ್ ಮಾಡಿ ಸೋಸಿ ನೋಡಿ. ಜರಡಿಯಲ್ಲಿ ಉಳಿದು ಕಸಕ್ಕೆ ಹೋಗುವ ಆ ಚರಟದಲ್ಲೇ ನಾರು ಇರುವುದು! ಲೋಟದಲ್ಲಿ ಉಳಿಯುವುದು ಹೆಚ್ಚಾಗಿ ಸಕ್ಕರೆ ಮತ್ತು ನೀರು.

ಆಮೇಲೆ ಒಂದೊಂದೇ ಬದಲಾವಣೆ ಮಾಡಿ. ಮೊದಲ ವಾರ ಜ್ಯೂಸ್ ಬದಲು ಇಡೀ ಹಣ್ಣು, ಅಷ್ಟೇ. ಮುಂದಿನ ವಾರ ಊಟಕ್ಕೆ ಅರ್ಧ ಬಟ್ಟಲು ಬೇಯಿಸಿದ ಕಾಳು. ಅದರ ಮುಂದಿನ ವಾರ ಪಾಲಿಶ್ ಮಾಡಿದ ಧಾನ್ಯದ ಜಾಗಕ್ಕೆ ಇಡೀ ಧಾನ್ಯ. ಇಷ್ಟು ನಿಧಾನ ಯಾಕೆ? ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಸಾಕಷ್ಟನ್ನು ಹುದುಗಿಸುತ್ತವೆ, ಆಗ ಗ್ಯಾಸ್ ಹುಟ್ಟುತ್ತದೆ. ಅವುಗಳಿಗೂ ಹೊಂದಿಕೊಳ್ಳಲು ಟೈಮ್ ಬೇಕು ಅಲ್ವಾ? ಹೊಟ್ಟೆ ಬಿಗಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ನಾಲ್ಕು ದಿನ ಬಿಟ್ಟು ಮತ್ತೆ ಮುಂದುವರಿಸಿ.

ನೀರು ಮರೆಯಬೇಡಿ. ನಾರು ಹೆಚ್ಚಿಸಿ ನೀರು ಕಡಿಮೆ ಕುಡಿದರೆ ಮಲಬದ್ಧತೆ ಹೋಗುವ ಬದಲು ಹೆಚ್ಚಾಗಬಹುದು.

ಇನ್ನು ಅಂಗಡಿಯ ಮಾತು. ‘ಫೈಬರ್ ಭರಿತ’ ಎಂದು ಬರೆದ ಬಿಸ್ಕತ್ತು ಸಿಕ್ಕರೆ ತಕ್ಷಣ ಹಿಂದೆ ತಿರುಗಿಸಿ. ಸಾಮಾನ್ಯವಾಗಿ ಯಾವುದು ಜಾಸ್ತಿ ಇದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಮೈದಾ, ಸಕ್ಕರೆ, ಎಣ್ಣೆ ಆದಮೇಲೆ ಎಲ್ಲೋ ಕೊನೆಯಲ್ಲಿ ಇನುಲಿನ್ ಎಂದಿದ್ದರೆ, ಅದು ಚಿಕೋರಿಯಂಥ ಬೇರಿನಿಂದ ತೆಗೆದು ಸೇರಿಸಿದ ನಾರು. ಇನುಲಿನ್ ಕೆಟ್ಟದ್ದೇನಲ್ಲ, ಆದರೆ ಅದು ಸೇರಿತು ಎಂದ ಮಾತ್ರಕ್ಕೆ ಸಕ್ಕರೆ ಕಡಿಮೆಯಾಗುವುದಿಲ್ಲ. ಅಂಕಿಗಳನ್ನೂ ನೋಡಿ. 100 ಗ್ರಾಂಗೆ 6 ಗ್ರಾಂ ನಾರು ಎಂದಿರುತ್ತದೆ. ನೀವು ತಿನ್ನುವುದು 25 ಗ್ರಾಂ ಆದರೆ ಸಿಗುವುದು ಒಂದೂವರೆ ಗ್ರಾಂ.

ಪ್ರೋಟೀನ್‌ಗೂ ಇದೇ ಲೆಕ್ಕ. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಾಕು ಎನ್ನುವುದು ಸಾಮಾನ್ಯ ಅಳತೆ. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ. ಕಾಳು ತಿಂದರೆ ನಾರು, ಪ್ರೋಟೀನ್ ಎರಡೂ ಒಟ್ಟಿಗೇ ಸಿಗುತ್ತವೆ, ಅದಕ್ಕೇ ನನ್ನ ಓಟು ಯಾವತ್ತೂ ಕಾಳಿಗೆ.

ಕರುಳಿನ ಕಾಯಿಲೆ ಇರುವವರು, ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ನಾರಿನ ಪುಡಿ ತೆಗೆದುಕೊಳ್ಳುವವರು ಅದನ್ನು ಮಾತ್ರೆಯ ಜೊತೆಗೇ ನುಂಗಬೇಡಿ. ಕೆಲವು ಔಷಧಿಗಳು ಮೈಗೆ ಹತ್ತುವುದನ್ನು ಅದು ತಗ್ಗಿಸುತ್ತದೆ. ಎಷ್ಟು ಗಂಟೆ ಅಂತರ ಇರಬೇಕು ಎಂದು ಮಾತ್ರೆ ಬರೆದುಕೊಟ್ಟವರನ್ನೇ ಕೇಳಿ.