ಹಂಚಿನ ಮನೆಯ ಸ್ಟುಡಿಯೋಕ್ಕೆ ಸೆಕೆಂಡ್‌ಹ್ಯಾಂಡ್ ಸಿಪಿಯು

ಉಡುಪಿಯ ನಮ್ಮ ಹಂಚಿನ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ಭಜನೆ, ಯಕ್ಷಗಾನದ ಪದ, ಒಮ್ಮೊಮ್ಮೆ ತುಳು ಹಾಡು, ಇಷ್ಟೇ ರೆಕಾರ್ಡಿಂಗ್. ಮೊದಲು ಎಲ್ಲ ಹಳೇ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತಿತ್ತು. ಭಾಗವತರ ಸ್ವರ, ಮದ್ದಳೆ, ಚೆಂಡೆ, ಶ್ರುತಿ ಅಂತ ಟ್ರ್ಯಾಕ್ ಹತ್ತು ದಾಟಿ, ಮೇಲಿಂದ ರಿವರ್ಬ್ (ಸ್ವರ ಗುಂಜುವ ಪರಿಣಾಮ) ಹಾಕಿದರೆ ಮುಗಿಯಿತು. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಶುರು.

ಹಾಗಾಗಿ ಸೆಕೆಂಡ್‌ಹ್ಯಾಂಡ್ ಸಿಪಿಯು, ಅಂದರೆ ಇಡೀ ಕಂಪ್ಯೂಟರ್ ಡಬ್ಬ, ಕೊಳ್ಳಲು ಹೊರಟೆ. ಮೊದಲ ಸಲ ಮೋಸ ಹೋದೆ. ಮೋಸ ಅನ್ನುವುದಕ್ಕಿಂತ ನನ್ನದೇ ದಡ್ಡತನ. 'ಐ7 ಪ್ರೊಸೆಸರ್, 9,000 ರೂಪಾಯಿ' ಅಂದರು, ಸ್ಟಿಕ್ಕರ್ ನೋಡಿ ಹೊತ್ತು ತಂದೆ. ಮನೆಗೆ ಬಂದು ನೋಡಿದರೆ ಐ7-2600. ಆ ನಂಬರಿನ ಮೊದಲ ಅಂಕಿಯೇ ಜನರೇಶನ್. ಇದು ಎರಡನೆಯದು, 2011ರದ್ದು. ರ‍್ಯಾಮ್ ಹಳೇ ಕಾಲದ ಡಿಡಿಆರ್3. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಆದರೂ ಬೇಕು, ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗಿದಿದೆ. ಎರಡು ತಿಂಗಳಿಟ್ಟು 5,000ಕ್ಕೆ ಮಾರಿದೆ. ಹೋದ 4,000 ಟ್ಯೂಷನ್ ಫೀಸ್ ಅಂದುಕೊಂಡೆ.

ಎರಡನೇ ಸಲ ಮಂಗಳೂರಿಗೆ ಹೋದೆ. ಹಂಪನಕಟ್ಟೆಯ ಹತ್ತಿರ ಒಂದು ಅಂಗಡಿಯಲ್ಲಿ ಆಫೀಸುಗಳಿಂದ ಬಂದ ಸಿಪಿಯುಗಳನ್ನು ಸಾಲಾಗಿ ಜೋಡಿಸಿದ್ದರು. ಈ ಸಲ ಚೀಲದಲ್ಲಿ ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ನನ್ನ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್, ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಹಾಕಿದ ಪೆನ್‌ಡ್ರೈವ್ ಎಲ್ಲ ಇತ್ತು. ಅಂಗಡಿಯವರು ನೋಡಿ, 'ಇಲ್ಲೇ ಹಾಡ್ತೀರಾ ಮಾರಾಯ್ರೆ?' ಅಂದರು. ಹಾಡಲಿಲ್ಲ, ಆದರೆ ಒಂದು ಗಂಟೆ ಕೂತೆ.

ನೋಡಿದ್ದು ಡೆಲ್ ಆಪ್ಟಿಪ್ಲೆಕ್ಸ್ 3060, ಐ5-8500, ಆರು ಕೋರ್. 48,000 ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ ಶಬ್ದದ ಅಳತೆ) ಬಫರ್, ಅಂದರೆ ಒಮ್ಮೆಗೆ ಕೊಡುವ ತುಂಡು, 128 ಸ್ಯಾಂಪಲ್‌ಗೆ ಇಟ್ಟೆ. ಅಂದರೆ ಸುಮಾರು 2.7 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರ್ ಒಂದು ತುಂಡು ಶಬ್ದ ರೆಡಿ ಮಾಡಿ ಕೊಡಬೇಕು. ಒಮ್ಮೆ ತಡವಾದರೂ ಚಟ್ ಅನ್ನುತ್ತದೆ. ಮದ್ದಳೆಯವರ ಕೈ ಎಷ್ಟು ಬೇಗ ಓಡಿದರೇನು, ತಾಳ ತಪ್ಪಿದರೆ ಆಟ ಕೆಟ್ಟ ಹಾಗೇ ಅಲ್ವಾ? ಇದೂ ಹಾಗೆಯೇ. ನನ್ನ ಹಳೇ ಪ್ರಾಜೆಕ್ಟ್ ಓಡಿಸಿದೆ, ಆಗಾಗ ಚಟ್ ಚಟ್. ಪ್ರೊಸೆಸರ್ ಮಾತ್ರ ಅರ್ಧವೂ ತುಂಬಿರಲಿಲ್ಲ. ತಡ ಎಲ್ಲಿ ಆಗುತ್ತಿದೆ ಅಂತ ತೋರಿಸುವ ಲೇಟೆನ್ಸಿಮಾನ್ ಹಾಕಿ ನೋಡಿದರೆ ಕಳ್ಳ ಸಿಕ್ಕಿದ: ವೈಫೈ ಡಾಂಗಲ್‌ನ ಡ್ರೈವರ್ ಸಾಫ್ಟ್‌ವೇರ್. ಡಾಂಗಲ್ ಕಿತ್ತ ಮೇಲೆ ಹದಿನೈದು ನಿಮಿಷ ಒಂದೂ ಸದ್ದಿಲ್ಲ. ಅಂಗಡಿಯಲ್ಲಿ ಕೂರದೆ ಹೋಗಿದ್ದರೆ ಒಳ್ಳೆಯ ಸಿಪಿಯು ಬಿಟ್ಟು ಬರುತ್ತಿದ್ದೆ.

ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್, ಬಯೋಸ್‌ಗೆ ಹೋಗಿ ಪಾಸ್‌ವರ್ಡ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ, ಆಫೀಸಿನ ಕಂಪ್ಯೂಟರ್‌ಗಳಲ್ಲಿ ಅದು ಉಳಿದಿರುವುದುಂಟು. ತಾರೀಕು ಹಿಂದೆ ಹೋಗಿತ್ತು, ತಾರೀಕು ನೆನಪಿಡಲು ಒಳಗಿರುವ ಸಿಆರ್2032 ಸೆಲ್ ಸತ್ತಿತ್ತು ಅಷ್ಟೆ. ಹಾರ್ಡ್‌ಡಿಸ್ಕ್ ಮೂವತ್ತು ಸಾವಿರ ಗಂಟೆ ಓಡಿದೆ ಅಂತ ಡಿಸ್ಕ್ ಪರೀಕ್ಷಿಸುವ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸಿತು. ಅದನ್ನು ತೋರಿಸಿ 14,000 ಹೇಳಿದ್ದನ್ನು 13,500ಕ್ಕೆ ಇಳಿಸಿದೆ. ಅದರ ಬದಲಿಗೆ ಹಾಕಿದ ಹೊಸ ಎಸ್‌ಎಸ್‌ಡಿಗೆ 2,600, ಇನ್ನೊಂದು 8 ಜಿಬಿ ರ‍್ಯಾಮ್‌ಗೆ 1,300. ಒಟ್ಟು 17,400.

ಮನೆಗೆ ತಂದ ಮರುದಿನ ಆನ್ ಆಗಲಿಲ್ಲ! ಬಿಚ್ಚಿದರೆ ಒಳಗಿನ ಸ್ಕ್ರೂಗಳಿಗೆಲ್ಲ ತುಕ್ಕು. ನಮ್ಮ ಕರಾವಳಿಯ ಉಪ್ಪು ಗಾಳಿ ಯಾರನ್ನು ಬಿಟ್ಟಿದೆ? ರ‍್ಯಾಮ್ ತೆಗೆದು ಅದರ ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲ ಉಜ್ಜಿದೆ, ಸರಿಯಾಯಿತು. ಖರೀದಿಸುವಾಗಲೇ ಮುಚ್ಚಳ ತೆಗೆಸಬೇಕಿತ್ತು.

ಆಮೇಲೆ ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುವ ಸದ್ದು. ಸಿಪಿಯು ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರು. ಮೂರು ಪಿನ್ನಿನ ಸಾಕೆಟ್ಟೇ, ಆದರೆ ಅರ್ಥಿಂಗ್ ವೈರ್ ಜೋಡಿಸಿಯೇ ಇರಲಿಲ್ಲ. ಇಷ್ಟು ವರ್ಷ ಮೈಕನ್ನು ಬೈದದ್ದು ಸುಮ್ನೆ.

ಉಳಿದದ್ದು ಫ್ಯಾನಿನ ಸದ್ದು. ಧೂಳು ತೆಗೆದು ಪ್ರೊಸೆಸರ್‌ನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಗೋಡೆಗೆ ತೂತು ಕೊರೆದು ಸಿಪಿಯುವನ್ನು ಪಕ್ಕದ ಕೋಣೆಯಲ್ಲಿಟ್ಟೆ. ಇಂಟರ್‌ಫೇಸ್‌ಗೆ ಮೂರು ಮೀಟರ್ ಕೇಬಲ್ ಸಾಕಾಯಿತು. ಯುಎಸ್‌ಬಿ 2.0 ಕೇಬಲ್ ಐದು ಮೀಟರ್ ದಾಟುವಂತಿಲ್ಲ, ಅಳೆದೇ ತೂತು ಕೊರೆಯಿರಿ. ಗೋಡೆಯ ವಿಷಯದಲ್ಲಿ ಅಮ್ಮನಿಗೆ ಇನ್ನೂ ಸಿಟ್ಟಿದೆ.

ಈಗ ಮೈಕ್‌ಗೆ ಫ್ಯಾನ್ ಕೇಳುವುದಿಲ್ಲ. ಮಳೆ ಕೇಳುತ್ತದೆ. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಿ ಹಂಚಿನ ಮೇಲೆ ಮಳೆ ಬೀಳುವಾಗ ಯಾವ ಜನರೇಶನ್ ಪ್ರೊಸೆಸರ್ ಇದ್ದರೂ ರೆಕಾರ್ಡಿಂಗ್ ಇಲ್ಲ. ಆಗ ಬರೀ ಮಿಕ್ಸಿಂಗ್, ಅದೂ ಕರೆಂಟ್ ಇದ್ದರೆ.